ಗೆಡ್ಡೆಯೊಳಗೆ ಬದಲಾಗುವ ರಕ್ಷಕರು: ಮಗಳಿಗೊಂದು ಪತ್ರ

ಮಂಡ್ಯ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಗದ್ದೆ ಕೆಲಸದಲ್ಲಿ ಗಟ್ಟಿಯಾಗಿದ್ದ ನಿನ್ನ ಸೋದರತ್ತೆಯ ದೇಹ ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆಯನ್ನು ಏಕೆ ತಡೆಯಲಿಲ್ಲವೆಂದು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅವರ ರೋಗನಿರೋಧಕ ಶಕ್ತಿ ಕುಂದಿತ್ತೆಂಬ ಊರಿನವರ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಗೆಡ್ಡೆಗಳಲ್ಲಿ ರಕ್ಷಕ ಕೋಶಗಳು ಧಾರಾಳವಾಗಿಯೇ ಇರುತ್ತವೆ. ಆದರೆ ಅವುಗಳ ಸ್ವಭಾವ ಬದಲಾಗಿರುತ್ತದೆ.

ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶವನ್ನೇ ನೋಡು. ರೋಗಾಣುಗಳನ್ನು ನುಂಗುವುದೂ ಅದರ ಕೆಲಸ, ಗಾಯವಾದಲ್ಲಿ ಸತ್ತ ಕೋಶಗಳನ್ನು ತೆಗೆದು ಹೊಸ ರಕ್ತನಾಳಗಳು ಬೆಳೆಯಲು ನೆರವಾಗುವುದೂ ಅದರದೇ ಕೆಲಸ. ಗೆಡ್ಡೆಯು ಸಿಎಸ್‌ಎಫ್-1 ಎಂಬ ಸಂಕೇತದಿಂದ ಅದನ್ನು ತನ್ನತ್ತ ಕರೆಸಿಕೊಂಡು, ಐಎಲ್-10, ಟಿಜಿಎಫ್-ಬೀಟಾ ಮೊದಲಾದ ಸಂಕೇತಗಳ ಜೊತೆಗೆ, ಗ್ಲೂಕೋಸನ್ನು ಭರದಿಂದ ಒಡೆದು ತಾನು ಹೊರಹಾಕುವ ಲ್ಯಾಕ್ಟಿಕ್ ಆಮ್ಲದಿಂದಲೂ ಅದರ ಆ ಎರಡನೆಯ ಗುಣವನ್ನು ಬಲಪಡಿಸುತ್ತದೆ. ಸರದಿಯಂತೆ ನೀರು ಬಿಡಬೇಕಾದ ನೀರುಗಂಟಿಯೇ ಕಳ್ಳನ ಗದ್ದೆಗೆ ತೂಬು ಎತ್ತಿಕೊಟ್ಟಂತೆ, ಆ ಕೋಶ ಗೆಡ್ಡೆಗೇ ರಕ್ತನಾಳಗಳನ್ನು ಬೆಳೆಸಿಕೊಡುತ್ತದೆ, ಗೆಡ್ಡೆಯನ್ನು ಕೊಲ್ಲಲು ಬಂದ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಕರನ್ನೂ ತಡೆಯುತ್ತದೆ. ಇಲ್ಲಿ ಆ ಭಕ್ಷಕ ಕೋಶದ ವಂಶವಾಹಿಗಳೇನೂ ಕೆಟ್ಟಿರುವುದಿಲ್ಲ, ಯಾವುವು ಎಚ್ಚರವಾಗಿರಬೇಕೆಂಬುದಷ್ಟೇ ಬದಲಾಗಿರುತ್ತದೆ. ಈ ಕೋಶಗಳನ್ನು ಮತ್ತೆ ಹಳೆಯ ಗುಣಕ್ಕೆ ತಿರುಗಿಸಬಹುದೆಂದು ಸಂಶೋಧಕರು ಪ್ರಯತ್ನಿಸುತ್ತಿರುವುದು ಈ ಕಾರಣಕ್ಕೇ.

ಟಿ ಕೋಶಗಳ ಕಥೆ ಬೇರೆ. ತಿಂಗಳುಗಟ್ಟಲೆ ಅದೇ ಶತ್ರುವನ್ನು ಎದುರಿಸಿ ಅವು ದಣಿಯುತ್ತವೆ, ಮೈಮೇಲೆ ಪಿಡಿ-1 ಎಂಬ ತಡೆಯನ್ನು ಹೆಚ್ಚಾಗಿ ಹೊರುತ್ತವೆ. ಗೆಡ್ಡೆ ತನ್ನ ಮೈಮೇಲಿನ ಪಿಡಿ-ಎಲ್1 ಎಂಬ ಪ್ರೋಟೀನನ್ನು ಅದಕ್ಕೆ ಜೋಡಿಸಿ ಅವುಗಳನ್ನು ಸುಮ್ಮನಾಗಿಸುತ್ತದೆ. ಪಿಡಿ-1 ಅನ್ನು 1992ರಲ್ಲಿ ಗುರುತಿಸಿದವರು ಜಪಾನಿನ ತಸುಕು ಹೊಂಜೊ ಅವರ ತಂಡದವರು. ಸಿಟಿಎಲ್‌ಎ-4 ಎಂಬ ಮತ್ತೊಂದು ತಡೆಯನ್ನು ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಅವರೊಂದಿಗೆ ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು.

ಹೀಗಿರುವಾಗ, ಅತ್ತೆಗೆ ಯಾರೋ ತಂದುಕೊಟ್ಟಿರುವ ಶಕ್ತಿವರ್ಧಕ ಪುಡಿಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರಕ್ಷಕ ಕೋಶಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಗೆಡ್ಡೆ ಸೋಲುವುದಿಲ್ಲ. ಹೊಸದಾಗಿ ಬಂದವನ್ನೂ ಅದು ತನ್ನಂತೆ ತಿದ್ದಿಕೊಳ್ಳಬಲ್ಲದು. ವೈದ್ಯರನ್ನು ಕೇಳದೆ ಅದನ್ನು ಕೊಡಬೇಡವೆಂದು ಮನೆಯವರಿಗೆ ನೀನೇ ಮೃದುವಾಗಿ ತಿಳಿಸು.

ಮೈಸೂರಿನಲ್ಲಿ ಮುಂದಿನ ಸಲ ಅವರ ಜೊತೆ ಆಸ್ಪತ್ರೆಗೆ ಹೋದಾಗ, ಬಯಾಪ್ಸಿಯ ಚೂರಿನಲ್ಲಿ ಪಿಡಿ-ಎಲ್1 ಪರೀಕ್ಷೆ ಆಗಿದೆಯೇ ಎಂದು ವಿಚಾರಿಸು. ಟಿ ಕೋಶಗಳ ತಡೆ ಬಿಡಿಸುವ ಔಷಧ ಅವರಿಗೆ ಹೊಂದೀತೇ ಎಂಬುದಕ್ಕೆ ಅದೊಂದು ಸುಳಿವು. ಆ ಔಷಧಗಳು ಎಲ್ಲರಿಗೂ ಫಲ ಕೊಡುವುದಿಲ್ಲ, ದುಬಾರಿಯೂ ಹೌದು. ಅಲ್ಲದೆ, ಬಿಡುಗಡೆಯಾದ ಟಿ ಕೋಶಗಳು ಕೆಲವೊಮ್ಮೆ ಥೈರಾಯಿಡ್, ಕರುಳು, ಶ್ವಾಸಕೋಶಗಳ ಮೇಲೂ ಎರಗುತ್ತವೆ. ಅದನ್ನೂ ಕೇಳಿ, ವೈದ್ಯರು ಹೇಳಿದ್ದನ್ನು ಬರೆದುಕೊಂಡು ನನಗೆ ಕಳುಹಿಸು.

ನಿನ್ನ ಅಪ್ಪ