ಪಂಚಾಯಿತಿ ಚುನಾವಣೆಯ ಖರ್ಚು ಊರಿನ ನೋಟಿಸ್ ಬೋರ್ಡಿಗೆ ಬರಲಿ

ಮಾನ್ಯ ರಾಜ್ಯ ಚುನಾವಣಾ ಆಯುಕ್ತರೇ,

ನಮಸ್ಕಾರ.

ಗ್ರಾಮ ಪಂಚಾಯಿತಿ ಸದಸ್ಯರ ಗೌರವಧನವನ್ನು ಸರ್ಕಾರ 2022ರ ಕೊನೆಯಲ್ಲಿ ಒಂದು ಸಾವಿರದಿಂದ ಎರಡು ಸಾವಿರಕ್ಕೆ ಏರಿಸಿತು. ಅಧ್ಯಕ್ಷರಿಗೆ ತಿಂಗಳಿಗೆ 6,000 ಆಯಿತು. ಎರಡು ಸಾವಿರದ ಲೆಕ್ಕದಲ್ಲಿ ಒಬ್ಬ ಸದಸ್ಯರಿಗೆ ಐದು ವರ್ಷ ಪೂರ್ತಿ ಸಿಗುವುದು 1 ಲಕ್ಷ 20 ಸಾವಿರ ರೂಪಾಯಿ. ಇದೇ ಸ್ಥಾನಕ್ಕೆ ಐದು ಲಕ್ಷ, ಹತ್ತು ಲಕ್ಷ ಸುರಿದೆ ಎಂದು ಅರಳಿಕಟ್ಟೆಯಲ್ಲಿ ಕೂತು ಹೇಳಿಕೊಳ್ಳುವವರು ನಮ್ಮ ಸುತ್ತಮುತ್ತ ಎಷ್ಟೋ ಜನ ಇದ್ದಾರೆ. ಹೊಲ ಅಡವಿಟ್ಟವರಿದ್ದಾರೆ, ಹೆಂಡತಿಯ ಒಡವೆ ಬ್ಯಾಂಕಿಗೆ ಇಟ್ಟವರಿದ್ದಾರೆ. ಆ ದುಡ್ಡು ವಾಪಸ್ ಬರುವ ದಾರಿ ಯಾವುದು ಎಂದು ಊರಿನ ಮಕ್ಕಳಿಗೂ ಗೊತ್ತು. ಅದರ ಬಗ್ಗೆಯೇ ಈ ಪತ್ರ.

ಪಂಚಾಯಿತಿ ಚುನಾವಣೆ ಇಷ್ಟು ದುಬಾರಿ ಆಗಲು ಕಾರಣವಿದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮತದಾರರು ಇನ್ನೂ ಕಡಿಮೆ. ಹತ್ತು ಹದಿನೈದು ವೋಟು ಆಚೀಚೆ ಆದರೆ ಸೋಲು ಗೆಲುವು ಬದಲಾಗುತ್ತದೆ. ಹಾಗಾಗಿ ಕೊನೆಯ ಎರಡು ರಾತ್ರಿ ಒಂದೊಂದು ವೋಟಿನ ಬೆಲೆಯೂ ಏರುತ್ತಾ ಹೋಗುತ್ತದೆ. ಬಾಡೂಟ, ಎಣ್ಣೆ, ಸೀರೆ, ಮೂಗುತಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್, ಗಾರೆ ಕೆಲಸಕ್ಕೆ ಹೋದವರನ್ನು ಗಾಡಿ ಮಾಡಿಸಿ ಕರೆಸಬೇಕು. ಅವರ ಎರಡು ದಿನದ ಕೂಲಿಯನ್ನೂ ಅಭ್ಯರ್ಥಿಯೇ ಕೊಡಬೇಕು. ಇನ್ನು ನಮ್ಮ ರಾಜ್ಯದಲ್ಲಿ ಈ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಪಕ್ಷದ ಲೆಕ್ಕದ ಪುಸ್ತಕದಲ್ಲೂ ಈ ದುಡ್ಡು ಕಾಣಿಸುವುದಿಲ್ಲ. ಕೊಟ್ಟವರು ಯಾರು, ಗುತ್ತಿಗೆದಾರರೇ, ಜಲ್ಲಿ ಕ್ರಷರ್‌ನವರೇ, ಮೇಲಿನ ಮುಖಂಡರೇ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ.

ಗೆದ್ದ ಮೇಲೂ ಖರ್ಚು ನಿಲ್ಲುವುದಿಲ್ಲ. ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ ಅಲ್ವಾ, ಆಗ ಪ್ರವಾಸದ ಹೆಸರಿನಲ್ಲಿ ಸದಸ್ಯರನ್ನು ಬಸ್ಸು ಹತ್ತಿಸಿ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಎರಡೂವರೆ ವರ್ಷಕ್ಕೆ ಅಧ್ಯಕ್ಷರ ಅವಧಿ ಮುಗಿದು ಮತ್ತೆ ಅದೇ ಕಥೆ. ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ 25 ಜನ ಆಯ್ಕೆಯಾಗುತ್ತಾರೆ. ಅಲ್ಲಿಯ ಮತದಾರರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ಸದಸ್ಯರೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 40 ಲಕ್ಷದ ಖರ್ಚಿನ ಮಿತಿ ಇತ್ತು. 2021ರ ಡಿಸೆಂಬರ್‌ನಲ್ಲಿ ನಡೆದ ಪರಿಷತ್ ಚುನಾವಣೆಗೆ ಮಿತಿಯೇ ಇರಲಿಲ್ಲ. ಅದು ಕೇಂದ್ರ ಚುನಾವಣಾ ಆಯೋಗದ ವ್ಯಾಪ್ತಿ, ನಿಮ್ಮದಲ್ಲ ಎಂದು ಗೊತ್ತು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಪಂಚಾಯಿತಿಗೆ ನಿಲ್ಲುವವರು ಹಾಕಿದ ದುಡ್ಡಿನಲ್ಲಿ ಸ್ವಲ್ಪ ಆ ಚುನಾವಣೆಯಲ್ಲಿ ತಮ್ಮ ವೋಟಿನ ಬೆಲೆಯಾಗಿ ವಾಪಸ್ ಬರುತ್ತದೆ ಎಂದು ಮೊದಲೇ ಎಣಿಸಿರುತ್ತಾರೆ.

ಉಳಿದದ್ದು ಪಂಚಾಯಿತಿ ಕೆಲಸದಲ್ಲಿ ಬರಬೇಕು. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಹಾಗಾಗಿ ಕೈ ಹಾಕಿದರೆ ನೀರಿಗೇ ಕೈ ಹಾಕಿದಂತೆ. ಮೋಟಾರ್ ರಿಪೇರಿ, ಪೈಪ್‌ಲೈನ್, ಬೀದಿದೀಪ ಎಲ್ಲವೂ ಸಣ್ಣ ಸಣ್ಣ ಬಿಲ್ಲುಗಳು. ಒಂದೇ ಮೋಟಾರ್ ವರ್ಷಕ್ಕೆ ಎಷ್ಟು ಸಲ ಸುಟ್ಟಿತು ಎಂದು ಹೋಗಿ ನೋಡಿದವರಾರು?

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಕಂದಾಯದ ವಿಷಯ. ಪಂಚಾಯಿತಿಗೆ ಸ್ವಂತದ್ದು ಅಂತ ಇರುವುದು ಮನೆ ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ ಇಂಥವು. ವೋಟಿಗೆ ಎರಡು ಸಾವಿರ ಕೊಟ್ಟು ಗೆದ್ದವರು ಅದೇ ಮನೆಯ ಮುಂದೆ ನಿಂತು 'ನೀರಿನ ಕರ ಬಾಕಿ ಇದೆ, ಕಟ್ಟಿ' ಎಂದು ಯಾವ ಬಾಯಲ್ಲಿ ಕೇಳುತ್ತಾರೆ? ಕೇಳುವುದಿಲ್ಲ. ಬಾಕಿ ಬೆಳೆಯುತ್ತಾ ಹೋಗುತ್ತದೆ. ವಾಟರ್‌ಮನ್‌ಗೆ ಸಂಬಳ ತಡವಾಗುತ್ತದೆ, ಕರೆಂಟ್ ಬಿಲ್ಲು ಉಳಿಯುತ್ತದೆ. ದುಡ್ಡು ತೆಗೆದುಕೊಂಡವರಿಗೂ ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಧೈರ್ಯ ಬರುವುದಿಲ್ಲ. ಎರಡೂ ಕಡೆಯವರ ಬಾಯಿ ಕಟ್ಟಿರುತ್ತದೆ. ಬಿಲ್ಲಿನಲ್ಲಿ ಹೋಗುವ ಹಣಕ್ಕಿಂತ ಇದು ದೊಡ್ಡ ನಷ್ಟ ಎಂದೇ ನಾನು ನಂಬಿದ್ದೇನೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ್ದು ನಿಮಗೂ ನೆನಪಿರಬಹುದು. ಆ ದುಡ್ಡು ದೇವಸ್ಥಾನಕ್ಕೆ ಎಂದರು. ಆಗ ಆಯೋಗ ಗಟ್ಟಿಯಾಗಿ ನಿಂತು, ಕ್ರಮ ಜರುಗಿಸಿ ಎಂದು ಜಿಲ್ಲಾಡಳಿತಗಳಿಗೆ ಹೇಳಿತು. ಒಳ್ಳೆಯದೇ ಆಯಿತು. ಆದರೆ ಹರಾಜು ಎಲ್ಲರ ಕಣ್ಣ ಮುಂದೆ ನಡೆದಿದ್ದಕ್ಕೆ ಸಿಕ್ಕಿಬಿತ್ತು. ಕತ್ತಲಲ್ಲಿ ಮನೆ ಮನೆಗೆ ಹಂಚುವುದು ಸಿಗುವುದಿಲ್ಲ. ಲಂಚ ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದು ವರ್ಷದವರೆಗೆ ಜೈಲು ಎಂದು ಕಾನೂನಿದೆ. ಸಾಕ್ಷಿ ಹೇಳಬೇಕಾದವರು ಅದೇ ಬೀದಿಯಲ್ಲಿ ಬಾಳಬೇಕಲ್ಲ, ಯಾರು ಬರುತ್ತಾರೆ?

ಅದಕ್ಕೇ ನಾನು ಸುಮ್ನೆ ದಾಳಿ ಮಾಡಿ, ಹಿಡಿಯಿರಿ ಎಂದು ಕೇಳುತ್ತಿಲ್ಲ. ಲೆಕ್ಕ ಬರೆಸಿ ಎಂದು ಕೇಳುತ್ತಿದ್ದೇನೆ. ವಿಧಾನಸಭೆಗೆ ನಿಲ್ಲುವವರು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಪಂಚಾಯಿತಿಗೆ ನಿಲ್ಲುವವರೂ ಒಂದು ಖಾತೆ, ಒಂದು ಪುಟದ ಲೆಕ್ಕ ಇಡಲಿ. ಯಾರಿಂದ ಎಷ್ಟು ಬಂತು, ಎಲ್ಲಿಗೆ ಹೋಯಿತು, ಅಷ್ಟು ಸಾಕು. ಆ ಪುಟ ತಾಲ್ಲೂಕು ಕಚೇರಿಯ ಬೀರುವಿನಲ್ಲಿ ಕೂರಬಾರದು. ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಸುಳ್ಳು ಬರೆಯುತ್ತಾರೆ ಅನ್ನುತ್ತೀರಾ? ಬರೆಯಲಿ. ಮೂರು ದಿನ ಬಾಡೂಟ ಹಾಕಿಸಿದವರು 'ಖರ್ಚು 4,000' ಎಂದು ಬರೆದರೆ, ಆ ಊಟ ಉಂಡ ಊರೇ ಅದನ್ನು ಓದುತ್ತದೆ.

ಪಂಚಾಯಿತಿ ಜಮಾಬಂದಿ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಡೆಯಬೇಕು. ಖರ್ಚು, ಕಾಮಗಾರಿ ಜನರ ಮುಂದೆ ಬರುವ ದಿನ ಅದು. ಗುತ್ತಿಗೆ ಪಡೆದವರ ಪಟ್ಟಿಯನ್ನೂ ಚುನಾವಣೆಗೆ ದುಡ್ಡು ಕೊಟ್ಟವರ ಪಟ್ಟಿಯನ್ನೂ ಅಂದೇ ಪಕ್ಕಪಕ್ಕದಲ್ಲಿ ಓದಲಿ. ಇದಕ್ಕೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಜೊತೆ ನೀವು ಮಾತಾಡಬೇಕಾಗುತ್ತದೆ.

ಸಂವಿಧಾನದ 243ಕೆ ವಿಧಿ ಈ ಚುನಾವಣೆಗಳ ಪೂರ್ತಿ ಹೊಣೆಯನ್ನು ನಿಮ್ಮ ಆಯೋಗಕ್ಕೆ ಕೊಟ್ಟಿದೆ. ನಿಮ್ಮ ಆದೇಶದಿಂದಲೇ ಆಗುವಷ್ಟನ್ನು ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯ ಅಧಿಸೂಚನೆಗೆ ಮುಂಚೆಯೇ ಹೊರಡಿಸಿ. ಕಾಯ್ದೆ ತಿದ್ದಬೇಕಾದ ಕಡೆ ಸರ್ಕಾರಕ್ಕೆ ಬರೆಯಿರಿ. ಬರೆದ ಪತ್ರವನ್ನು ನಮಗೂ ಓದಲು ಕೊಡಿ. ಸರ್ಕಾರ ಏನು ಉತ್ತರ ಕೊಟ್ಟಿತು ಎಂದು ನಾವೂ ನಮ್ಮ ಶಾಸಕರನ್ನು ಕೇಳುತ್ತೇವೆ.

ಇಂತಿ,
ಪಂಚಾಯಿತಿಗೆ ಕಂದಾಯ ಕಟ್ಟುವ ಒಬ್ಬ ಗ್ರಾಮಸ್ಥ