ಎಸ್.ಪಿ. ರೋಡಿನಲ್ಲಿ ಸಿಕ್ಕ ಆ ಹುಡುಗನಿಗೆ ಥ್ಯಾಂಕ್ಸ್

ನಮ್ಮ ಹಳೆಯ ಬ್ಲೂ-ರೇ ಪ್ಲೇಯರ್‌ಗೆ ವೈಫೈ ಇಲ್ಲ, ಹಿಂದೆ ನೆಟ್ ಕೇಬಲ್ ಚುಚ್ಚೋ ಒಂದು ಲ್ಯಾನ್ ಪೋರ್ಟ್ ಮಾತ್ರ. ರೂಟರ್ ಇರುವುದು ಒಳಗಿನ ರೂಮಿನಲ್ಲಿ. ಬಾಡಿಗೆ ಮನೆ, ಗೋಡೆ ಕೊರೆಯೋಕೆ ಓನರ್ ಬಿಡ್ತಾರಾ?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಅಂಗಡಿಯವರು ಯುಎಸ್‌ಬಿ ವೈಫೈ ಡಾಂಗಲ್ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ನೀವು ತಡೆದಿರಿ. "ಸಾರ್, ಪ್ಲೇಯರ್‌ನಲ್ಲಿ ಅದನ್ನ ನಡೆಸೋ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಇರಲ್ಲ, ಸುಮ್ನೆ ದುಡ್ಡು ದಂಡ. ಲ್ಯಾನ್ ಪೋರ್ಟ್ ಇರೋ ವೈಫೈ ಎಕ್ಸ್‌ಟೆಂಡರ್ ತಗೊಳ್ಳಿ. ಅದು ವೈಫೈ ಹಿಡಿದು ಕೇಬಲ್‌ಗೆ ಕೊಡುತ್ತೆ, ಪ್ಲೇಯರ್‌ಗೆ ಗೊತ್ತೇ ಆಗಲ್ಲ." ಮಧ್ಯೆ ಗೋಡೆ ಜಾಸ್ತಿ ಇದ್ದರೆ ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್ ಬಿಟ್ಟು, ಗೋಡೆ ಚೆನ್ನಾಗಿ ದಾಟೋ 2.4 ಗಿಗಾಹರ್ಟ್ಸ್ ಹಾಕಿ ಅಂತಲೂ ಹೇಳಿದಿರಿ.

ಮನೆಗೆ ಬಂದು, ಪಾಸ್‌ವರ್ಡ್ ಟೈಪ್ ಮಾಡದೆ ರೂಟರ್‌ಗೆ ಜೋಡಿಸೋ ಡಬ್ಲ್ಯುಪಿಎಸ್ ಬಟನ್ ಒತ್ತಿದೆ, ಮೋಟು ಕೇಬಲ್ ಚುಚ್ಚಿದೆ, ಪೋರ್ಟಿನ ಹಸಿರು ದೀಪ ಮಿಣಮಿಣ ಅಂತು. ಪ್ಲೇಯರ್ ಮೊದಲು ಮಾಡಿದ ಕೆಲಸ, ಬಾಕಿ ಬಿದ್ದಿದ್ದ ಅಪ್‌ಡೇಟ್ ಕೇಳಿದ್ದು! ಹೆಸರು ಹೇಳದೆ ಹೋದಿರಿ. ತುಂಬಾ ಥ್ಯಾಂಕ್ಸ್ ತಮ್ಮಾ.