ಜ್ವರ ಬಂದವನ ಹಾಜರಿ: ಕಾರ್ಮಿಕ ಸಚಿವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ಜ್ವರ, ಕೆಮ್ಮಿನ ವಿಷಯವನ್ನು ಆರೋಗ್ಯ ಸಚಿವರಿಗೆ ಬರೆಯಬೇಕಾದವನು ತಪ್ಪಿ ನಮ್ಮ ಇಲಾಖೆಗೆ ಬರೆದಿದ್ದಾನೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಅಂದುಕೊಂಡಾರು. ವಿಳಾಸ ತಪ್ಪಿಲ್ಲ ಸಾರ್. ದಾವಣಗೆರೆಯಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಸೋಂಕು ಹತ್ತಿದವರು ನಾಲ್ಕು ದಿನ ಮನೆಯಲ್ಲಿರಬೇಕೋ ಕೆಲಸಕ್ಕೆ ಹೋಗಬೇಕೋ ಎಂಬ ತೀರ್ಮಾನ ಈಗ ಆಗುತ್ತಿರುವುದು ಹಾಜರಿ ಪುಸ್ತಕದ ಮುಂದೆ. ಆ ಪುಸ್ತಕ ನಿಮ್ಮ ಇಲಾಖೆಯ ಸುಪರ್ದಿಗೆ ಬರುತ್ತದೆ, ಅದಕ್ಕೇ ನಿಮಗೆ ಬರೆದೆ.

ಕೋವಿಡ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಪಾಸಿಟಿವ್ ಬಂದ ದಿನದಿಂದ ಕನಿಷ್ಠ ಏಳು ದಿನ ಮನೆ, ಕೊನೆಯ ಮೂರು ದಿನ ಸತತವಾಗಿ ಜ್ವರ ಇರಬಾರದು. ಅದೇ ವರ್ಷ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಆದೇಶಗಳು ಮುಗಿದವು. ಮಾಸ್ಕ್ ಹಾಕಿ, ಕೈ ತೊಳೆಯಿರಿ ಎಂಬ ಸಲಹೆ ಮಾತ್ರ ಉಳಿಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತುರ್ತುಸ್ಥಿತಿ ಮುಗಿಯಿತು ಎಂದಿತು.

ಮುಗಿದದ್ದು ಒಳ್ಳೆಯದೇ ಆಯಿತು. ಬಾಷಾನಗರ, ಜಾಲಿನಗರದ ಬೀದಿಗಳಿಗೆ ತಗಡು ಬಡಿದು ಸೀಲ್‌ಡೌನ್ ಮಾಡಿದ್ದನ್ನು ನೋಡಿದ ಊರು ಇದು. ಅದು ಇನ್ನೊಮ್ಮೆ ಬರಲಿ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳುತ್ತಿಲ್ಲ. ಆದರೆ ಬೀಗ ತೆಗೆಯುವಾಗ ನಿಯಮದ ಜೊತೆ ಇನ್ನೊಂದೂ ಹೋಯಿತು. ನಿಯಮ ಇದ್ದಾಗ ಕೆಲಸಗಾರ ಮಾಲೀಕನಿಗೆ, "ನಾನು ಬರಂಗಿಲ್ಲ, ಬಂದ್ರೆ ನಿಮಗೇ ತೊಂದ್ರೆ" ಅನ್ನಬಹುದಿತ್ತು. ಈಗ ಅವನ ಹತ್ತಿರ ಆ ಮಾತಿಲ್ಲ. ನಿಮ್ಮ ವಿವೇಚನೆಗೆ ಬಿಟ್ಟಿದ್ದೇವೆ ಎಂದು ಸರ್ಕಾರ ಹೇಳಿತು. ವಿವೇಚನೆ ಬಳಸಲು ಕೂಲಿ ಕೈಬಿಡುವಷ್ಟು ಅನುಕೂಲ ಬೇಕಲ್ಲ?

ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಹೊರಟವರದ್ದೇ ಗದ್ದಲ. ಕೈಯಲ್ಲಿ ಊಟದ ಡಬ್ಬಿ, ಕಣ್ಣು ಕೆಂಪಗೆ, ಮೂಗು ಕಟ್ಟಿದ ದನಿ. "ಅಣ್ಣ, ಕೆಲ್ಸಕ್ ಹೋಗೋ ಹಂಗೆ ಏನಾರ ಕೊಡು." ವಾಸಿಯಾಗುವಂತೆ ಕೊಡು ಎಂದು ಕೇಳುವವರು ಕಡಿಮೆ. ಪೂರ್ತಿ ಪಟ್ಟಿ ಬೇಡ, ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಡಬೇಕು. ಒಂದನ್ನು ಅಲ್ಲೇ, ನಾನು ಇಟ್ಟಿರುವ ಕೊಡದ ನೀರಿನಲ್ಲಿ ನುಂಗಿ ಆಟೋ ಹತ್ತುತ್ತಾರೆ.

ಪ್ಯಾರಸಿಟಮಾಲ್ ನಾಲ್ಕರಿಂದ ಆರು ಗಂಟೆ ಜ್ವರವನ್ನು ತಗ್ಗಿಸುತ್ತದೆ, ಮೈಕೈ ನೋವು ಇಳಿಸುತ್ತದೆ. ವೈರಾಣುವಿಗೆ ಅದು ಏನನ್ನೂ ಮಾಡುವುದಿಲ್ಲ. ನುಂಗಿದವನಿಗೆ ಹುಷಾರಾದಂತೆ ಅನಿಸುತ್ತದೆ, ಪಕ್ಕದಲ್ಲಿ ನಿಂತು ಕೆಲಸ ಮಾಡುವವನಿಗೆ ಸೋಂಕು ದಾಟುವುದು ದಾಟುತ್ತಲೇ ಇರುತ್ತದೆ. ಫ್ಲೂ ಆದರೆ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಶುರುವಾಗಿ ಐದಾರು ದಿನ ಹರಡಬಲ್ಲದು, ಅದರಲ್ಲೂ ಮೊದಲ ಮೂರ್ನಾಲ್ಕು ದಿನ ಜಾಸ್ತಿ. ಅಂದರೆ ಮನುಷ್ಯ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ದಿನಗಳೂ ಸೋಂಕು ಜೋರಾಗಿ ಹರಡುವ ದಿನಗಳೂ ಒಂದೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಮಾರ್ಚ್‌ನಲ್ಲಿ ಕೋವಿಡ್ ಸೋಂಕಿತರಿಗೆ ಕೊಟ್ಟಿದ್ದ ಐದು ದಿನದ ಪ್ರತ್ಯೇಕವಾಸದ ಸಲಹೆಯನ್ನು ಕೈಬಿಟ್ಟಿತು. ಆಗಲೂ ಒಂದು ಗೆರೆ ಎಳೆಯಿತು: ಜ್ವರ ಇಳಿಸುವ ಮಾತ್ರೆ ತೆಗೆದುಕೊಳ್ಳದೆ 24 ಗಂಟೆ ಜ್ವರ ಇರಬಾರದು, ಉಳಿದ ತೊಂದರೆಗಳೂ ಕಡಿಮೆಯಾಗುತ್ತಿರಬೇಕು. ಹೊರಗೆ ಬಂದ ಮೇಲೂ ಐದು ದಿನ ಮಾಸ್ಕ್‌ನಂಥ ಎಚ್ಚರಿಕೆ. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಮಾತ್ರೆ ತೆಗೆದುಕೊಳ್ಳದೆ' ಎಂಬ ಮಾತು. ನಮ್ಮಲ್ಲಿ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಿದ್ದ ಕಾಲದಲ್ಲೂ ಇದನ್ನು ಯಾರೂ ಕೇಳಲಿಲ್ಲ.

ನನ್ನ ಅಂಗಡಿಗೆ ಬರುವವರು ಯಾರು ಎಂದರೆ, ಎಪಿಎಂಸಿಯ ಹಮಾಲರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅವರಿಗೆ ಚೀಲದ ಲೆಕ್ಕ. ಹೊರದ ದಿನ ಸೊನ್ನೆ. ಮಂಡಕ್ಕಿ ಭಟ್ಟಿಯವರು ಬರುತ್ತಾರೆ. ಕಾದ ಮರಳಿನ ಮುಂದೆ, ಹೊಟ್ಟು ಟೈರಿನ ಹೊಗೆಯಲ್ಲಿ ನಿಂತವರಿಗೆ ವರ್ಷವಿಡೀ ಕೆಮ್ಮು. ಇದು ಹೊಗೆಯ ಕೆಮ್ಮೋ ಸೋಂಕಿನ ಕೆಮ್ಮೋ ಎಂದು ಅವರಿಗೇ ಗೊತ್ತಾಗುವುದಿಲ್ಲ, ನನಗಂತೂ ಕೌಂಟರಿನಲ್ಲಿ ನಿಂತು ಹೇಳಲಾಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗೆ ಮುಖ ಕೊಟ್ಟು ಸೀರೆ ಬಿಡಿಸಿ ತೋರಿಸುವ ಹುಡುಗಿಯರು, ಹೋಟೆಲಿನಲ್ಲಿ ಬೆಣ್ಣೆ ದೋಸೆ ಹುಯ್ಯುವವರು, ಚಟ್ನಿ ಹಾಕುವವರು. ಈ ಕೊನೆಯವರ ವಿಷಯ ಬರೆಯುವಾಗ ಸ್ವಲ್ಪ ಹಿಂಜರಿಕೆ ಆಗುತ್ತದೆ, ನಾನೂ ಅಲ್ಲೇ ತಿಂಡಿ ತಿನ್ನುವವನು.

ಇವರಿಗೆಲ್ಲ ಕಾನೂನಿನಲ್ಲಿ ಏನೂ ಇಲ್ಲ ಎಂದೇನಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ವರ್ಷಕ್ಕೆ 12 ದಿನ ಸಂಬಳಸಹಿತ ಕಾಯಿಲೆ ರಜೆ ಕೊಟ್ಟಿದೆ. ಹೋಟೆಲುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅರವತ್ತು ವರ್ಷ ದಾಟಿದ ಕಾಯ್ದೆ, ಆದರೆ ನನ್ನ ಗಿರಾಕಿಗಳಲ್ಲಿ ಈ 12 ದಿನದ ಸುದ್ದಿ ಕೇಳಿದವರು ಸಿಗುವುದೇ ಅಪರೂಪ. ಹೇಳಿದರೆ ನಗುತ್ತಾರೆ. "ಅದು ಬೆಂಗ್ಳೂರಾಗೆ ಇರ್ಬೇಕು ಬಿಡಣ್ಣ" ಅಂದಳು ಒಬ್ಬಾಕೆ.

ಹಮಾಲರು, ಭಟ್ಟಿ ಕಾರ್ಮಿಕರಿಗೆ ನಿಮ್ಮ ಇಲಾಖೆಯದೇ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆ ಇದೆ, ಸ್ಮಾರ್ಟ್ ಕಾರ್ಡ್ ಇದೆ. ಅಪಘಾತವಾದರೆ, ಸತ್ತರೆ ಅದರಲ್ಲಿ ಪರಿಹಾರ ಉಂಟು. ನಾಲ್ಕು ದಿನದ ಜ್ವರಕ್ಕೆ ಏನೂ ಇಲ್ಲ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರ ಸ್ಥಿತಿ ಎಷ್ಟೋ ವಾಸಿ. ಹತ್ತಿ ಗಿರಣಿಗಳ ಕಾಲದಿಂದ ಈ ಊರಿಗೆ ಇಎಸ್‌ಐ ಹೊಸದಲ್ಲ. ಕಾಯಿಲೆ ಬಿದ್ದರೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗೆ ಶೇ 80, ಎರಡು ವರ್ಷದವರೆಗೆ. ಇದು ಬಡವರ ಮನೆಗಳನ್ನು ಉಳಿಸಿದ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಇಲ್ಲ, ಅದು ಕಾಯುವ ಅವಧಿ. ದೊಡ್ಡ ಕಾಯಿಲೆಗೆ ಎರಡು ದಿನ ಲೆಕ್ಕಕ್ಕೆ ಬರುವುದಿಲ್ಲ. ಹರಡುವ ಜ್ವರಕ್ಕೆ ಆ ಎರಡು ದಿನವೇ ಎಲ್ಲ. ಇಂಗ್ಲೆಂಡಿನಲ್ಲೂ ಇಂಥದ್ದೇ ಪದ್ಧತಿ ಇತ್ತು, ಕಾಯಿಲೆಯ ಮೊದಲ ಮೂರು ದಿನಕ್ಕೆ ದುಡ್ಡಿಲ್ಲ. ಕೋವಿಡ್ ಬಂದಾಗ ಅದನ್ನು ತೆಗೆದು ಮೊದಲ ದಿನದಿಂದಲೇ ಕೊಟ್ಟರು. 2022ರ ಫೆಬ್ರವರಿಯಲ್ಲಿ ಸೋಂಕಿತರು ಮನೆಯಲ್ಲಿರಬೇಕೆಂಬ ಕಾನೂನು ತೆಗೆದರು, ಮರು ತಿಂಗಳೇ ಮೂರು ದಿನದ ಕಾಯುವಿಕೆಯನ್ನು ವಾಪಸ್ ತಂದರು. ನಿಯಮವೂ ಹೋಯಿತು, ನಿಯಮ ಪಾಲಿಸಲು ಕೊಡುತ್ತಿದ್ದ ಕಾಸೂ ಹೋಯಿತು. ಇಎಸ್‌ಐ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಎಂದು ನಿಮ್ಮ ಕಚೇರಿ ಉತ್ತರಿಸೀತು. ಗೊತ್ತು. ಹಾಗಿದ್ದರೆ ಸೋಂಕು ಜ್ವರಕ್ಕಾದರೂ ಆ ಎರಡು ದಿನ ಮನ್ನಾ ಮಾಡಿ ಎಂದು ರಾಜ್ಯದಿಂದ ಒಂದು ಪತ್ರ ದೆಹಲಿಗೆ ಹೋಗಲಿ.

ಇನ್ನು ವೈದ್ಯರ ಸರ್ಟಿಫಿಕೇಟ್. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ರಜೆ ಕೊಡುವ ಕಡೆಗಳಲ್ಲೂ ಹೆಚ್ಚಿನವರು ಕೇಳುವುದು ಚೀಟಿ. ಜ್ವರ ಬಂದವನಿಗೆ ಬೇಕಿರುವುದು ಒಂದು ಚಾಪೆ, ಗಂಜಿ, ಮೂರು ದಿನದ ನಿದ್ದೆ. ಅವನು ಎದ್ದು ಸಿಟಿ ಬಸ್ ಹತ್ತಿ, ಹೊರರೋಗಿ ವಿಭಾಗದ ಸರತಿಯಲ್ಲಿ ಚೀಟಿ ಮಾಡಿಸಿ, ಬೆಂಚಿನ ಮೇಲೆ ಒಂದು ಪಕ್ಕ ಗರ್ಭಿಣಿ, ಇನ್ನೊಂದು ಪಕ್ಕ ಸಕ್ಕರೆ ಕಾಯಿಲೆಯ ಮುದುಕರು ಕೂತಿರುವಲ್ಲಿ ಎರಡು ಗಂಟೆ ಕೆಮ್ಮುತ್ತಾ ಕಾಯಬೇಕು. ಯಾಕೆ? ಇವನು ಮನೆಯಲ್ಲಿರಬೇಕು ಎಂದು ಒಂದು ಕಾಗದದ ಮೇಲೆ ಬರೆಸಿಕೊಳ್ಳಲು! ಖಾಸಗಿ ಕ್ಲಿನಿಕ್ಕಿಗೆ ಹೋದರೆ ಫೀಸು ಬೇರೆ, ಅದು ಅರ್ಧ ದಿನದ ಕೂಲಿ. ನಾನು ನೋಡಿದಂತೆ ಜನ ಈ ಲೆಕ್ಕ ಬಹಳ ಬೇಗ ಹಾಕಿ ಮುಗಿಸುತ್ತಾರೆ, ನಾಲ್ಕು ಮಾತ್ರೆ ಕತ್ತರಿಸಿಕೊಂಡು ಹೋಗುತ್ತಾರೆ. ಉಸಿರಾಟದ ತೊಂದರೆ, ಮೂರು ದಿನಕ್ಕೂ ಇಳಿಯದ ಜ್ವರ, ಎದೆನೋವು ಇದ್ದವರು ಆಸ್ಪತ್ರೆಗೆ ಹೋಗಲೇಬೇಕು, ಹಾಗೆಂದು ನಾನೇ ಬಯ್ದು ಕಳಿಸುತ್ತೇನೆ. ಸಾಮಾನ್ಯ ಜ್ವರದವನನ್ನು ಬರೀ ಚೀಟಿಗಾಗಿ ಅಲ್ಲಿಗೆ ಅಟ್ಟುವುದರಿಂದ ಯಾರಿಗೆ ಲಾಭ?

ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ ಎಂದು ಅಧಿಕಾರಿಗಳ ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಊರದೇವತೆ ದುಗ್ಗಮ್ಮನ ಊರು ಇದು. ಮನೆಯಲ್ಲಿ ಮಗುವಿಗೆ ಅಮ್ಮ (ಸೀತಾಳೆ ಸಿಡುಬು) ಆದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಬೇರೆಯವರ ಮನೆಗೆ ಹೋಗುವುದಿಲ್ಲ, ಬರುವವರೂ ಹೊಸ್ತಿಲಾಚೆಯೇ ಮಾತಾಡಿಸಿ ಹೋಗುತ್ತಾರೆ. ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟುವವರೆಗೆ ಸೋಂಕು ಹರಡುತ್ತದೆ ಎಂದು ಇವತ್ತಿನ ವೈದ್ಯರು ಚಿಕನ್‌ಪಾಕ್ಸ್ ಬಗ್ಗೆ ಹೇಳುತ್ತಾರಲ್ಲ, ತಲೆಗೆ ನೀರು ಹಾಕುವ ದಿನ ಗೊತ್ತುಮಾಡುವ ಅಜ್ಜಿಯೂ ನೋಡುವುದು ಅದನ್ನೇ. ಇಲ್ಲಿ ಗಮನಿಸಬೇಕಾದ್ದು ಮಾಲೀಕನ ನಡತೆ. ಅಮ್ಮ ಆಗಿದೆ ಎಂದರೆ ಎಂಥ ಬಿಗಿ ಮಾಲೀಕನೂ "ಬರಬೇಡ ಮಾರಾಯ" ಅನ್ನುತ್ತಾನೆ, ಚೀಟಿ ಕೇಳುವುದಿಲ್ಲ. ಫ್ಲೂ ಬಂದವನ ಮೈಮೇಲೆ ಗುಳ್ಳೆ ಏಳುವುದಿಲ್ಲ, ಅಷ್ಟೇ ಅವನು ಮಾಡಿದ ತಪ್ಪು.

ಮಕ್ಕಳ ವಿಷಯವೂ ಸುತ್ತಿ ಬಳಸಿ ನಿಮ್ಮಲ್ಲಿಗೇ ಬರುತ್ತದೆ. 2025ರ ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಜ್ವರ ಕೆಮ್ಮು ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಒಳ್ಳೆಯ ಸುತ್ತೋಲೆ. ಆದರೆ ಮನೆಗೆ ಕಳಿಸಿದ ಮಗುವನ್ನು ನೋಡಿಕೊಳ್ಳುವವರು ಯಾರು? ತಾಯಿ ಗಾರ್ಮೆಂಟ್ಸ್‌ನಲ್ಲೋ ಭಟ್ಟಿಯಲ್ಲೋ ಇರುತ್ತಾಳೆ. ಮಗುವಿನ ಜ್ವರ ಅವಳ ಕೂಲಿಯನ್ನೂ ತಿನ್ನುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಚಮಚ ಸಿರಪ್ ಕುಡಿಸಿ ಯೂನಿಫಾರ್ಮ್ ಹಾಕುತ್ತಾಳೆ. 2023ರ ಜುಲೈನಲ್ಲಿ ಕಣ್ಣು ಬೇನೆ ರಾಜ್ಯದ ತುಂಬ ಹರಡಿದಾಗಲೂ ಕೆಂಪು ಕಣ್ಣಿನ ಮಕ್ಕಳು ತರಗತಿಯಲ್ಲಿ ಕೂತಿದ್ದು ಇದೇ ಕಾರಣಕ್ಕೆ. ಕೆಲವು ಶಾಲೆಗಳಲ್ಲಿ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಬೇರೆ ಕೊಡುತ್ತಾರೆ. ಅದನ್ನು ನಿಲ್ಲಿಸಿ ಎಂದು ಶಿಕ್ಷಣ ಸಚಿವರಿಗೆ ಒಂದು ಮಾತು ಹೇಳಿದರೆ ಸಾಕು, ಖರ್ಚಿಲ್ಲದ ಕೆಲಸ.

ಎಲ್ಲವೂ ಕೂಲಿಯಿಂದಲೇ ಆಗುತ್ತಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಮೈ ಸುಡುತ್ತಿದ್ದರೂ ಬೀಗರ ಮದುವೆಗೆ ಹೋಗಿ, ಪಂಕ್ತಿಯಲ್ಲಿ ಕೂತು, ಮಗುವನ್ನು ಎತ್ತಿ ಮುದ್ದಾಡಿ ಬರುವವರಿಗೆ ಯಾವ ಮಾಲೀಕನೂ ಒತ್ತಾಯ ಮಾಡಿರುವುದಿಲ್ಲ. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂಬುದಕ್ಕೆ ನಿಮ್ಮ ಇಲಾಖೆಯಲ್ಲಿ ಮದ್ದಿಲ್ಲ, ನನ್ನ ಅಂಗಡಿಯಲ್ಲೂ ಇಲ್ಲ. ಆದರೆ ಮದುವೆ ವರ್ಷಕ್ಕೆ ನಾಲ್ಕು, ಕೆಲಸ ದಿನಾ.

ಸುಳ್ಳು ಜ್ವರ ಹೇಳಿ ರಜೆ ಹಾಕುತ್ತಾರೆ ಎಂದು ಮಾಲೀಕರ ಸಂಘಗಳು ಹೇಳಬಹುದು. ಸುಳ್ಳು ಹೇಳುವ ಕೆಲಸಗಾರರು ಈಗಲೂ ಅಜ್ಜಿಯನ್ನು ಎರಡೆರಡು ಸಲ ಸಾಯಿಸಿ ರಜೆ ತೆಗೆದುಕೊಳ್ಳುತ್ತಿದ್ದಾರೆ. ಸಣ್ಣ ವ್ಯಾಪಾರಿಗೆ ಹೊರೆ ಎಂಬ ಮಾತು ಮಾತ್ರ ನಿಜ, ನಾನೇ ಸಣ್ಣ ವ್ಯಾಪಾರಿ. ಅಂಗಡಿಯ ಹುಡುಗ ಒಬ್ಬ ಬರಲಿಲ್ಲ ಎಂದರೆ ಮಧ್ಯಾಹ್ನದ ಊಟಕ್ಕೆ ಷಟರ್ ಅರ್ಧ ಎಳೆಯಬೇಕು. ಆದರೂ ಜ್ವರ ಇದ್ದರೆ ಬರಬೇಡ ಎಂದೇ ಹೇಳಿದ್ದೇನೆ, ಸಂಬಳ ಹಿಡಿಯುವುದಿಲ್ಲ. ಇಬ್ಬರೂ ಮಲಗಿದರೆ ಅಂಗಡಿಯೇ ಬಂದ್ ಆಗುತ್ತದೆ ಎಂಬ ಸ್ವಾರ್ಥ ಅದರಲ್ಲಿ ಇದೆ. ನನಗಿಂತ ಸಣ್ಣವರಿಗೆ, ಇಡೀ ಹೊರೆ ಅವರ ಮೇಲೇ ಬೀಳದಂತೆ ಕಲ್ಯಾಣ ಮಂಡಳಿ ಪಾಲು ಕೊಡುವ ದಾರಿ ಹುಡುಕಿ. 2020ರ ಮೇನಲ್ಲಿ ಇದೇ ರಾಜ್ಯ ಅಗಸರು, ಕ್ಷೌರಿಕರು, ಆಟೋ ಚಾಲಕರಿಗೆ ಕೆಲಸ ನಿಂತದ್ದಕ್ಕೆ ತಲಾ ₹5,000 ಘೋಷಿಸಿತ್ತು. 2023ರ ಡಿಸೆಂಬರ್‌ನಲ್ಲಿ ಕೋವಿಡ್ ವೈರಾಣುವಿನ ಹೊಸ ತಳಿ ಜೆಎನ್.1 ಬಂದಾಗ, ಸೋಂಕಿತರಿಗೆ ಏಳು ದಿನ ಮನೆವಾಸ, ಸರ್ಕಾರಿ ಖಾಸಗಿ ಎರಡೂ ಕಡೆ ರಜೆ ಎಂದು ಸಚಿವ ಸಂಪುಟದ ಉಪಸಮಿತಿ ತೀರ್ಮಾನಿಸಿತ್ತು. 2025ರ ಅಕ್ಟೋಬರ್‌ನಲ್ಲಿ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಋತುಚಕ್ರ ರಜೆಗೆ ಸಂಪುಟ ಒಪ್ಪಿತು. ಆಗುವುದಿಲ್ಲ ಎನ್ನುವಂಥದ್ದು ಇದರಲ್ಲಿ ಏನೂ ಕಾಣಿಸುತ್ತಿಲ್ಲ.

ನಾನು ಕೇಳುತ್ತಿರುವುದು ಇಷ್ಟು. 1961ರ ಕಾಯ್ದೆಯ 12 ದಿನಗಳಲ್ಲಿ, ಒಂದು ಸಲಕ್ಕೆ ಮೊದಲ ಮೂರು ದಿನವನ್ನು ವೈದ್ಯರ ಚೀಟಿ ಇಲ್ಲದೆ, ಫೋನಿನಲ್ಲಿ ತಿಳಿಸಿದರೆ ಸಾಕು ಎಂಬಂತೆ ಕೊಡಬೇಕೆಂದು ಆದೇಶ ಮಾಡಿ. ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ಅದು ಅನ್ವಯಿಸಲಿ. ಸಹಾಯ ಹಸ್ತದ ಕಾರ್ಡ್ ಇರುವ ಹಮಾಲರು, ಭಟ್ಟಿಯವರಿಗೆ ವರ್ಷಕ್ಕೆ ಕೆಲವು ದಿನದ ಜ್ವರದ ಕೂಲಿಯನ್ನು ಮಂಡಳಿಯಿಂದ ಸೇರಿಸಿ. ಮುಂಗಾರಿನ ಜೊತೆ ಫ್ಲೂ ಏರುತ್ತದೆ, ಆದ್ದರಿಂದ ಜೂನ್‌ಗಿಂತ ಮೊದಲೇ ಬಂದರೆ ಒಳ್ಳೆಯದು. ಆದೇಶ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ. ಹಾಜರಿ ಪುಸ್ತಕ ಇಡುವ ಮೇಜಿನ ಎದುರಿನ ಗೋಡೆಗೆ ಅಂಟಿಸಬೇಕು ಎಂದು ಅದರಲ್ಲೇ ಬರೆಸಿ. ಕಾರ್ಮಿಕ ನಿರೀಕ್ಷಕರು ತಪಾಸಣೆಗೆ ಬಂದಾಗ ಮೊದಲು ಆ ಗೋಡೆ ನೋಡಲಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಔಷಧ ಅಂಗಡಿಯವ
ದಾವಣಗೆರೆ